ಇಪ್ಪತ್ತೊಂಬತ್ತು – ನಾಲ್ಕು

ಸ್ಮರಣ ಸಂಚಿಕೆಗೆ ಎರಡು ಪುಟ ಸಾಕು ಅಂದರು,
ಐವತ್ತು ವರ್ಷದ ಚರಿತ್ರೆ, ಗೆದ್ದ ಕಪ್ಪುಗಳ ಪಟ್ಟಿ.
ಕಪ್ಪು ಎರಡೇ.
ಅದರಲ್ಲೊಂದು, ನೆಲಮಂಗಲದವರ ವ್ಯಾನು
ದಾಬಸ್‌ಪೇಟೆಯಲ್ಲಿ ಕೆಟ್ಟು ನಿಂತದ್ದಕ್ಕೆ ಸಿಕ್ಕಿದ್ದು.

ನಡಾವಳಿ ಪುಸ್ತಕ ಟೈಲರ್ ಗವಿರಂಗಯ್ಯನ ಅಂಗಡಿಯಲ್ಲಿತ್ತು,
ಯಾರೂ ಬಂದು ಒಯ್ಯದ ಬ್ಲೌಸುಗಳ ಅಡಿಗೆ.
ಅಂಚಿಗೆ ಬಾಯಿ ಹಾಕಿದ ಗೆದ್ದಲು
ಬೇವಿನೆಲೆ ಕಂಡು ಹಿಂದೆ ಸರಿದಿತ್ತು.

ಮೊದಲ ಪುಟ, ಎಪ್ಪತ್ತೊಂದನೇ ಇಸವಿ:
ಕ್ಯಾತ್ಸಂದ್ರ ರೈಲ್ವೆ ಗೇಟಿನಾಚೆ, ಹುಣಸೆಮರದ ಬುಡ,
ಬಾಲ್ ಬ್ಯಾಡ್ಮಿಂಟನ್ ಸಂಘದ ಪ್ರಥಮ ಸಭೆ.
ಹಾಜರಿದ್ದವರು ಐವರು,
ಬ್ಯಾಟು ಮೂರು,
ಚೆಂಡು ಇಲ್ಲ.

ಚೆಂಡು ಎಲ್ಲಿಂದ ಬಂತೆಂದು ಪುಸ್ತಕ ಹೇಳುವುದಿಲ್ಲ.
ಗಂಗಹನುಮಯ್ಯನ ಅಕ್ಕ ಸಣ್ಣೀರಮ್ಮ
ತಮ್ಮನ ಹಳೇ ಮಫ್ಲರು ಬಿಚ್ಚಿ,
ಗೋಲಿ ಗಾತ್ರದ ಬೆಂಡಿಗೆ ಉಣ್ಣೆ ಸುತ್ತಿ ಸುತ್ತಿ
ಅರಿಸಿನದಲ್ಲಿ ಅದ್ದಿ ಒಣಗಹಾಕಿದಳಂತೆ.
ಹನಿ ಬಿದ್ದ ಸಂಜೆ ಆಡಿದವರ ಅಂಗೈ
ಮದುವೆ ಗಂಡಿನಂತೆ ಹಳದಿ.
ನೆಟ್ಟು, ಮೈದಾಳ ಕೆರೆಯ ಹರಿದ ಮೀನಿನ ಬಲೆ.
ಚೆಂಡು ತೂತಿನಲ್ಲಿ ನುಸಿದರೆ ಪಾಯಿಂಟು ಯಾರದು?
ದೀಪ ಹಚ್ಚುವವರೆಗೂ ಜಗಳ.

ಎಪ್ಪತ್ನಾಲ್ಕರ ಫೆಬ್ರವರಿಯಲ್ಲಿ ಅಕ್ಷರ ದಪ್ಪವಾಗುತ್ತದೆ.
ನಿಬ್ಬು ಒತ್ತಿ ಬರೆದಿದ್ದಾರೆ ಕಾರ್ಯದರ್ಶಿ ನಂಜುಂಡಾರಾಧ್ಯರು:
“ನಿರ್ಣಯ ಒಂದು. ಇನ್ನು ಮುಂದೆ ಕ್ಲಬ್ಬಿಗೆ ಒಂದೇ ಲೋಟ.”
ನಿರ್ಣಯ ಎರಡು ಇಲ್ಲ.

ಮುಂಚೆ ಎರಡಿದ್ದವು ಅನ್ನುವುದು
ಯಾವ ಪುಟದಲ್ಲೂ ಇಲ್ಲ.
ಹಿತ್ತಾಳೆಯದು ಮಡಕೆಯ ಮೇಲೆ,
ಕೆಂಪಹೊನ್ನಯ್ಯನ ಅಲ್ಯೂಮಿನಿಯಂ ಲೋಟ ಮರದ ಪೊಟರೆಯಲ್ಲಿ.
ಅವನ ಹಾಗೆ ಸರ್ವು ಹಾಕುವವನು ಜಿಲ್ಲೆಯಲ್ಲೇ ಇರಲಿಲ್ಲ.
ಅವನು ಮುಟ್ಟಿದ ಚೆಂಡು ಎಲ್ಲರ ಬ್ಯಾಟಿಗೂ ತಾಗುತ್ತಿತ್ತು,
ಬ್ಯಾಟಿಗೆ ಮೈಲಿಗೆಯಿರಲಿಲ್ಲ.

ಐದು ರುಜು ಬೇಕಾದಲ್ಲಿ ಮೂರೇ.

ಮುಂದಿನ ಭಾನುವಾರ ಗುಬ್ಬಿಯಲ್ಲಿ ಟೂರ್ನಮೆಂಟು.
ಐವರ ಆಟಕ್ಕೆ ಮೂವರು ಹೋದರು.
ಮುಂದೆ ಆರಾಧ್ಯರು, ನಡುವೆ ಗಂಗಹನುಮಯ್ಯ,
ಹಿಂದಿನ ಅಂಕಣವಿಡೀ ಕೆಂಪಹೊನ್ನಯ್ಯನದು.
ಇನ್ನಿಬ್ಬರು ಎಲ್ಲಿ, ಕೇಳಿದ ಅಂಪೈರು.
“ನೀರು ಕುಡಿಯೋಕೆ ಹೋಗಿದ್ದಾರೆ” ಅಂದರಂತೆ ಆರಾಧ್ಯರು.

ಇಪ್ಪತ್ತೊಂಬತ್ತು – ನಾಲ್ಕು.
ಆ ನಾಲ್ಕು ಹೇಗೆ ಬಂತು ಅಂತ
ಗುಬ್ಬಿಯವರು ಮೂವತ್ತು ವರ್ಷ ಮಾತಾಡಿಕೊಂಡರು.
ನಮ್ಮೂರಲ್ಲಿ ಆರಾಧ್ಯರನ್ನು ಆ ವರ್ಷ
ಯಾರೂ ಗೃಹಪ್ರವೇಶಕ್ಕೆ ಕರೆಯಲಿಲ್ಲ.

ಖಾಲಿ ಜಾಗಕ್ಕೆ ಗೇಟ್‌ಮನ್ ಪೊನ್ನುಸ್ವಾಮಿ ಬಂದ.
ಗೂಡ್ಸ್ ಕೂಗಿದರೆ ಬ್ಯಾಟು ಹಿಡಿದೇ ಓಡುತ್ತಿದ್ದ,
ಸ್ಕೋರು ಅವನಿಗಾಗಿ ಕಾಯುತ್ತಿತ್ತು.
ಬೀಡಿ ಎಲೆ ಮಂಡಿಯ ಗಫಾರ್ ಬಂದ.
ಬಿಟ್ಟುಹೋದವರಲ್ಲೊಬ್ಬ ಎಂಬತ್ತರಲ್ಲಿ ಮರಳಿ ಬಂದು
ಏನೂ ಹೇಳದೆ ಎಡಮೂಲೆಯಲ್ಲಿ ನಿಂತ.
ಬಾಯಾರಿದರೆ ಅರ್ಧ ಮೈಲಿ ನಡೆದು
ಮನೆಯಲ್ಲಿ ಕುಡಿದು ಬರುತ್ತಿದ್ದ.
ನಮ್ಮಪ್ಪ.
ಯಾವ ವರ್ಷ ಆ ಲೋಟಕ್ಕೆ ಕೈ ಹಾಕಿದನೋ,
ಹಾಕಿದನೋ ಇಲ್ಲವೋ,
ನಡಾವಳಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಹುಣಸೆಮರ ಹೋಗಿ ಗೋಡೌನು ಬಂತು,
ಎರಡನೇ ಅಂಕಣದ ಮೇಲೆ ಸರ್ವೀಸ್ ರಸ್ತೆ.
ಈಗಿನದು ನೀರಿನ ಟ್ಯಾಂಕಿನ ಕೆಳಗೆ,
ಒಂದು ಮೂಲೆ ಸದಾ ಒದ್ದೆ.
ಇಪ್ಪತ್ತೊಂಬತ್ತರ ಆಟ ಮೂವತ್ತೈದಕ್ಕೆ ಬೆಳೆದಿದೆ.
ಕೆಂಪಹೊನ್ನಯ್ಯನ ಮೊಮ್ಮಗಳು ತೇಜಾವತಿ
ಫೌಲು ಕೊಟ್ಟರೆ ಅಂಪೈರಿಗೆ ಗೆರೆ ತೋರಿಸಿ ವಾದಿಸುತ್ತಾಳೆ.
ಅಜ್ಜ ಯಾರ ಜೊತೆಗೂ ವಾದಿಸಿದವನಲ್ಲ.

ಬರೆದು ಕೊಟ್ಟೆ.
“ಲೋಟದ ವಿಷಯ ಈಗ್ಯಾಕೆ, ಅದೂ ಸೋತ ಮ್ಯಾಚು”
ಅಂದರು ಅಧ್ಯಕ್ಷರು.
ಶಾಸಕರ ಶುಭಾಶಯಕ್ಕೆ ಒಂದು ಪುಟ ಬೇಕಂತೆ.
ಸರಿ, ಲೋಟ ತೆಗೀರಿ ಅಂದೆ.
ಧೈರ್ಯ ನನ್ನದೂ ಅಷ್ಟೇ, ಅಪ್ಪನ ಮಗ.
ಸ್ಕೋರು ಮಾತ್ರ ಇರಲಿ, ಕೆಳಗೆ ಮೂರು ಹೆಸರು.
ಓದಿದವರಲ್ಲಿ ಯಾರಾದರೂ ಎಣಿಸಿ ಕೇಳಲಿ,
ಇನ್ನಿಬ್ಬರು ಎಲ್ಲಿ ಅಂತ.