ಕಾಣೆ

ಅಪ್ಪ ಹುಟ್ಟಿದ್ದು ಜೂನ್ ಒಂದಕ್ಕೆ.
ಹಾಗಂತ ಬರೆದವರು ಮೇಷ್ಟ್ರು.
ಅಜ್ಜಿ ಬೆರಳು ಮಡಚಿ ಹೇಳುತ್ತಿದ್ದದ್ದು ಬೇರೆ:
ಕೆರೆ ಕೋಡಿ ಬಿದ್ದ ವರ್ಷ,
ಅವರೆಕಾಯಿಗೆ ಸೊಗಡು ಬಂದ ಹೊತ್ತು,
ಸೂಲಗಿತ್ತಿ ಮುನಿತಾಯಮ್ಮ ಕಂಬಳಿ ಹೊದ್ದು ಬಂದಳು.
ಇಷ್ಟೆಲ್ಲ ಬರೆಯಲು ದಾಖಲಾತಿ ಪುಸ್ತಕದಲ್ಲಿ ಜಾಗವೆಲ್ಲಿ?
ಆ ಬೆಂಚಿನ ಹುಡುಗರೆಲ್ಲ
ಒಂದೇ ದಿನ ಹುಟ್ಟಿಬಿಟ್ಟರು.

ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿದವನು,
ಊರಿಗೆಲ್ಲ ಸೆಕೆಂಡು ಹಂಚಿದವನು,
ಎಪ್ಪತ್ತೋ ಎಪ್ಪತ್ತೊಂದೋ ಅಂತ ಕೇಳಿದರೆ
ಫ್ಯಾನು ನೋಡುತ್ತಾನೆ.

ಈ ಸಲ ಆಚರಿಸೋಣ, ಅಂದೆ.
ಗಾಳ ಹಾಕೋಣ, ಅಂದ.
ಬೆಂಗಳೂರಲ್ಲಿ ಎಲ್ಲಪ್ಪಾ ಗಾಳ?
ಎಂಟು ವರ್ಷದವನಿದ್ದಾಗ ಇವನು ಹಾಕಿದ ಕೆರೆ
ಈಗ ಬಸ್ ಡಿಪೋ;
ದಿನಾ ಐದೂವರೆಗೆ ನಾನು ಸಹಿ ಹಾಕಿ
ಟಿಕೆಟ್ ಮಿಷಿನ್ ತಗೊಳ್ಳುವುದು
ಸರಿಯಾಗಿ ಅದರ ನಡುನೀರಿನಲ್ಲಿ.

ಹಾಗಾಗಿ ಶನಿವಾರ ರಾತ್ರಿ ಒಂಬತ್ತಕ್ಕೆ
ಗಂಗಮ್ಮನಗುಡಿಯಿಂದ ಹೊರಟಿತು ತಮ್ಮ ಗಂಗರಾಜನ ಓಮ್ನಿ.
ಹಿಂದೆ ಐಸ್ ಡಬ್ಬ, ಸ್ಟೆಪ್ನಿ,
ತೊಡೆಯ ಮೇಲೆ ಕೇಕಿಟ್ಟುಕೊಂಡ ನನ್ನ ಮಗಳು ನಮಿತಾ.
ಗೊರಗುಂಟೆಪಾಳ್ಯದಲ್ಲಿ ಮುಕ್ಕಾಲು ಗಂಟೆ ಜಾಮು.
ಕಿಟಕಿಯಾಚೆ ಒಂದು ಮೊಳ ಚಾಚಿದ್ದ ಬಿದಿರುಕೋಲು
ಲಾರಿಯ ಕ್ಲೀನರೊಬ್ಬ ಮುಟ್ಟಿ ನೋಡಿ,
'ಯಜಮಾನ್ರೇ, ಇಲ್ಲೇ ಹಾಕಿ, ರಸ್ತೆ ತುಂಬ ನೀರೇ ಐತೆ' ಅಂದ.
ಘಾಟಿಯ ಮಾತು ಬೇಡ.
ನಮಿತಾ ಎರಡು ಸಲ ವಾಂತಿ ಮಾಡಿದಳು.
ಕೇಕಿಗೆ ತಗುಲಲಿಲ್ಲ.

ಕುಂದಾಪುರ ದಾಟಿದ ಮೇಲೆ ಬೆಳಕಾಯಿತು.
ದೋಣಿಗಳೆಲ್ಲ ದಡ ಹಿಡಿದು ನಿಂತಿದ್ದವು.
ಅವತ್ತಿನಿಂದಲೇ ಯಂತ್ರದೋಣಿಗೆ ನಿಷೇಧ,
ಮೀನಿಗೆ ಬಾಣಂತನ.
'ನೋಡಿದ್ಯಾ, ನಾನು ಹುಟ್ಟಿದೆ ಅಂತ
ಸರ್ಕಾರವೇ ರಜ ಕೊಟ್ಟಿದೆ.'

ಪಂಚೆ ಎತ್ತಿ ಕಟ್ಟಿ ಅಳಿವೆಯ ಕಲ್ಲಿನ ಮೇಲೆ ಕೂತ.
ಟಿಫಿನ್ ಡಬ್ಬಿಯ ಮುದ್ದೆ ಮುರಿದು,
ಗೋಲಿಯಷ್ಟು ಉಂಡೆ ಮಾಡಿ ಮುಳ್ಳಿಗೆ ಚುಚ್ಚಿ
ಬೀಸಿದ, ಮೆತ್ತಗೆ,
ಪಕ್ಕದ ಮನೆಯವರ ಬಾವಿಯಿಂದ
ಕೇಳದೆ ನೀರು ಸೇದುವವನ ಹಾಗೆ.

ಒಂದು ಗಂಟೆ. ಎರಡು.
ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟ.

ಖಾರ್ವಿಗಳ ಹುಡುಗನೊಬ್ಬ ಬಹಳ ಹೊತ್ತು ನೋಡಿ,
ತಡೆಯಲಾರದೆ ಬಂದ:
'ಅಜ್ಜಯ್ಯ, ಇಲ್ಲಿನ್ ಮೀನಿಗ್ ರಾಗಿ ಗೊತ್ತಿಲ್ಲೆ.'
ಅಂಗೈ ಬಿಡಿಸಿದ. ನಾಲ್ಕು ಶೆಟ್ಲಿ.

ಆಮೇಲೆ ಕೋಲು ಬಾಗಿತು,
ಅಪ್ಪನ ಬೆನ್ನು ನೆಟ್ಟಗಾಯಿತು.
ಒಂದು ಗೇಣು, ಮರಳಿನದೇ ಬಣ್ಣ,
ಅವನ ಮುಷ್ಟಿಯಲ್ಲಿ ಒದ್ದಾಡುತ್ತಿತ್ತು.
'ಇದೇನಪ್ಪಾ?'
'ಕಾಣೆ.'
'ಕೈಯಲ್ಲೇ ಇದೆಯಲ್ಲೋ, ಕಾಣೆ ಅಂತೀಯ!'
'ಕಾಣಿ ಅಜ್ಜಯ್ಯ, ಇದ್ರ್ ಹೆಸ್ರೇ ಕಾಣೆ.'
ಅಪ್ಪ ನಕ್ಕ ನಗೆಗೆ
ಹಲ್ಲಿನ ಸೆಟ್ಟು ನೀರಿಗೆ ಬೀಳಬೇಕಿತ್ತು.

ಮೇಣದಬತ್ತಿ ಏಳರದ್ದು ಮಾತ್ರ ತಂದಿದ್ದೆವು,
ಪಕ್ಕದ ಅಂಕಿ ಅವನ ಇಷ್ಟಕ್ಕೆ ಬಿಟ್ಟು.
ಆರು ಕಡ್ಡಿ ಗೀರಿದರೂ ಗಾಳಿ ಬಿಡಲಿಲ್ಲ.
ಮೀನಿನ ಚಾಕು ತೊಳೆದು ಕೇಕು ಕೊಯ್ದೆವು.
ಮೊದಲ ಚೂರು ಆ ಹುಡುಗನಿಗೆ.

ರಾತ್ರಿ ಮನೆ ಮುಟ್ಟಿದಾಗ
ಎದುರುಮನೆ ಪಂಕಜಮ್ಮ ಗೇಟಿನಲ್ಲೇ:
'ಏನು ಸಿಕ್ತು?'
'ಕಾಣೆ' ಅಂದ ಅಪ್ಪ.
'ಅಯ್ಯೋ ಪಾಪ, ಅಷ್ಟು ದೂರ ಹೋಗಿ...'
ಅಪ್ಪ ತಿದ್ದಲಿಲ್ಲ.
ಡಬ್ಬ ಎದೆಗೊತ್ತಿಕೊಂಡು, ಗಂಭೀರವಾಗಿ,
ಮೆಟ್ಟಿಲು ಹತ್ತಿದ.

ಸೋಮವಾರ ಐದೂವರೆ. ಡಿಪೋ.
ಎಷ್ಟು ಸೋಪು ಹಚ್ಚಿದರೂ
ನನ್ನ ಬೆರಳಿನ ನಾತ ಹೋಗಿರಲಿಲ್ಲ.
ಸಹಿ ಪುಸ್ತಕ ಮುಂದಿಟ್ಟ ಗುಮಾಸ್ತ ಮೂಗರಳಿಸಿ
ಸುತ್ತಲೂ ನೋಡಿದ:
'ಇಲ್ಲೆಲ್ಲೋ ಮೀನು...'
ಹೌದು ಸಾರ್, ಇಲ್ಲೇ ಇದ್ದವು.

ಅಷ್ಟರಲ್ಲಿ ಅಪ್ಪನ ಫೋನು:
'ಇದು ಮೇಷ್ಟ್ರ ಲೆಕ್ಕದ್ದಾಯಿತು.
ನಿಮ್ಮಜ್ಜಿ ಲೆಕ್ಕದ್ದು ಬಾಕಿ ಇದೆ.'
ಯಾವ ತಾರೀಖು? ರಜ ಹಾಕಬೇಕು, ಅಂದೆ.
'ತಾರೀಖು ಯಾವನಿಗೆ ಗೊತ್ತು.
ಮಾರ್ಕೆಟ್ಟಿಗೆ ಹೋಗ್ತಾ ಇರ್ತೀನಿ.
ಅವರೆಕಾಯಿ ಮೂಸಿ ನೋಡಿ ಹೇಳ್ತೀನಿ.'