ಇಲ್ಲದ ಭಾರ

ರೈಲೇ ಇಲ್ಲದ ದ್ವೀಪ ಇದು.
ಗುದೈಬಿಯಾದ ಮೂರನೇ ಮಹಡಿಯಲ್ಲಿ, ಮಂಚ ಮಡಚಿಟ್ಟರೆ ಮಾತ್ರ
ಅರಸೀಕೆರೆ ಜಂಕ್ಷನ್.

ಮುನ್ನೂರು ಗ್ರಾಮಿನ ಎಂಜಿನ್ನು.
ರಿಮೋಟಿನ ಗುಂಡಿ ಒತ್ತಿದರೂ ತಕ್ಷಣ ಹೊರಡದು;
ಮೊದಲು ಗುಡುಗುಡು, ಆಮೇಲೆ ಬ್ರೇಕು ಬಿಡುವ ಉಸ್ಸು,
ಬೆನ್ನ ಹಿಂದೆ ಎರಡು ಸಾವಿರ ಟನ್ ಅದಿರು ಇದೆ ಎಂಬಂತೆ
ಒಂದೊಂದೇ ಕೊಂಡಿ ಬಿಗಿಯಾಗುತ್ತದೆ.
"ಇಲ್ಲದ ಭಾರಾನೂ ಎಳೀಬೇಕು, ಅದೇ ಡ್ರೈವರಿಕೆ" ಅನ್ನುತ್ತಾನೆ ಹಂಝ,
ಹಗಲೆಲ್ಲ ಸಲ್ಮಾಬಾದಿನಲ್ಲಿ ಎಸಿ ಡಕ್ಟು ಬಗ್ಗಿಸುವವನು.

ಹಾರನ್ನಿನ ಸದ್ದು ಮೂರಕ್ಕಿಂತ ಮೇಲೇರಿದರೆ
ಕೆಳಗಿನ ಮನೆಯ ಮಿಸ್ರಿ ಹೆಂಗಸು ಪೊರಕೆ ಕೋಲಿನಿಂದ
ತನ್ನ ಸೂರು ಕುಟ್ಟುತ್ತಾಳೆ.

ಸಿಗ್ನಲ್ಲಿಗೆ ಒಂದೇ ಬಲ್ಬು, ಎರಡು ಬಣ್ಣ.
ಅವನ ಕಣ್ಣಿಗೆ ಎರಡೂ ಒಂದೇ.
ಹುಬ್ಬಳ್ಳಿಯ ರೈಲ್ವೆ ಡಾಕ್ಟರು ಚುಕ್ಕಿಗಳ ಪುಸ್ತಕ ಮುಚ್ಚಿ
ಮುಂದಿನವನನ್ನು ಕರೆದದ್ದು ಅದಕ್ಕೇ.
ಈಗ ಮಗಳು ಶೈಮಾ ಕೂಗುತ್ತಾಳೆ: "ಹಸಿರು!"
ಅವನು ಮರುನುಡಿಯುತ್ತಾನೆ: "ಹಸಿರು."

ನಿನ್ನೆ ಅವಳು ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ನಿದ್ದೆಹೋದಳು.
ಇಸ್ತ್ರಿ ಮುಗಿಸಿ ನೋಡಿದೆ, ದೀಪ ಹಸಿರೇ ಇತ್ತು.
ನನ್ನನ್ನು ಕೇಳಬಹುದಿತ್ತು; ಕೇಳಲಿಲ್ಲ.
ಹೋಮ್ ಸಿಗ್ನಲ್ಲಿನ ಹೊರಗೆ
ಗುಡುಗುಡು ಅನ್ನುತ್ತ ನಿಂತೇ ಇತ್ತು ಗಾಡಿ.