ಭರಣಿಗೆ ಮುಂಚೆ

ನಾಲ್ಕು ತುಂಡು ಕೊಟ್ಟು ಕಳಿಸಿದ್ದರು ಇರ್ಷಾದ್ ಸಾಬರು,
ಅರಸೀಕೆರೆಯ ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಯವರು:
ಕಪ್ಪು, ಇಟ್ಟಿಗೆಗೆಂಪು, ಪಾಚಿಹಸಿರು, ಬೂದಿ.
ಅಂಗೈಯಗಲ. ಮುಟ್ಟಿದರೆ ಉಪ್ಪುಕಾಗದ,
ಬಗ್ಗಿಸಿದರೆ ಹಳೇ ಚಪ್ಪಲಿಯ ಅಟ್ಟೆ,
ಮೂಸಿದರೆ ಹೊಸದಾಗಿ ಹಾಸಿದ ರಸ್ತೆ.

"ಶಿಂಗಲ್ಸ್ ಅಂತಾರಮ್ಮ ಇದಕ್ಕೆ.
ತಗಡಿನ ಹಾಗೆ ಬಡ್ಕೊಳ್ಳಲ್ಲ, ಹಂಚಿನ ಹಾಗೆ ಒಡೆಯಲ್ಲ."
ಹೊಗಳುವುದು ಅವರ ಕಸುಬು.
ನನ್ನ ಕಸುಬು ಇಸ್ತ್ರಿ.

ಹೋದ ವರ್ಷ ಭರಣಿಯ ಮೊದಲ ಮಳೆ
ಮಾಲೇಕಲ್ಲು ಬೆಟ್ಟದ ಕಡೆಯಿಂದ ಎದ್ದು ಬಂತು.
ಮೊದಲು ಧೂಳು, ಧೂಳಿನ ಬೆನ್ನಿಗೆ ಗಾಳಿ,
ಗಾಳಿಯ ಕೈಯಲ್ಲಿ ನಮ್ಮ ಮಹಡಿ ಕೋಣೆಯ ಎಂಟು ತಗಡು.
ಬೋಲ್ಟಿನ ಸಮೇತ ಸಿಕ್ಕವು ಗೂಡ್ಸ್ ಶೆಡ್ಡಿನ ಹಿಂದೆ.
ಮಡಿಸಿಟ್ಟ ಅಂಗಿಗಳೆಲ್ಲ ಬೇವಿನ ಮರಕ್ಕೆ.
ವಕೀಲ ಪುಟ್ಟರುದ್ರಯ್ಯನವರ ಕರೀ ಕೋಟೊಂದು ಮಾತ್ರ
ಕೆರೆಯಲ್ಲಿ ಎರಡು ದಿನ ತೋಳು ಚಾಚಿಕೊಂಡು
ಯಾರ ಪರವಾಗಿಯೋ ವಾದಿಸುತ್ತ ತೇಲಿತು.

ಮೋಲ್ಡ್ ಹಾಕೋಣವೆಂದರೆ ಕೆಳಗಿನ ಮಣ್ಣುಗೋಡೆ ತಾಳದು.
ಮತ್ತೆ ತಗಡು ಹಾಕಲು ನಾನು ತಯಾರಿಲ್ಲ:
ಇಪ್ಪತ್ತೆರಡು ಬೇಸಿಗೆ
ಮೇಲೊಂದು ಕಾದ ಪೆಟ್ಟಿಗೆ, ಕೈಯಲ್ಲೊಂದು ಕಾದ ಪೆಟ್ಟಿಗೆ,
ನಡುವೆ ನಾನು, ಯಾರದೋ ಪ್ಯಾಂಟಿನ ಹಾಗೆ.

ಮನೆಯವರಿಗೆ ಕಪ್ಪೇ ಬೇಕು,
ಬೇಲೂರು ರಸ್ತೆಯಲ್ಲಿ ಯಾವುದೋ ರೆಸಾರ್ಟ್ ನೋಡಿದ್ದಾರೆ.
ಮಗಳು ತನುಜಳಿಗೆ ಹಸಿರು, ಫೋಟೋದಲ್ಲಿ ಚೆನ್ನಾಗಿ ಬೀಳುತ್ತದಂತೆ.
ಬಡಗಿ ಏಕಾಂತಾಚಾರಿ ಬಣ್ಣದ ಸುದ್ದಿಗೇ ಹೋಗಲಿಲ್ಲ,
"ಮೊಳೆ ಎಷ್ಟು ಹೊಡೀಲಿ?" ಅಂದ.

ನಾಲ್ಕೂ ತುಂಡನ್ನು ಅಂಚಿಗೆ ಅಂಚು ಹೊದಿಸಿ
ಕೈಪಿಡಿ ಗೋಡೆಯ ಮೇಲಿಟ್ಟೆ.
ಕಾಗೆಯೂ ಕೂರದ ಎರಡು ಗಂಟೆ.
ಕರಟದ ಇದ್ದಿಲಿನ ಕಾವನ್ನು
ರೇಷ್ಮೆಗೆಷ್ಟು, ಹತ್ತಿಗೆಷ್ಟು ಎಂದು ಅಳೆವ ಒದ್ದೆ ಬೆರಳಿದು.
ಕಪ್ಪಿಗೆ ತಾಗಿಸಿದೆ, ಬೆರಳು ನನ್ನನ್ನು ಕೇಳದೆ ಹಿಂದೆ ಬಂತು.
ಕೆಂಪು, ಪಾಲಿಸ್ಟರ್ ಸುಟ್ಟೀತು.
ಹಸಿರು, ಫೋಟೋಗಷ್ಟೇ.
ಬೂದಿಯ ಮೇಲೆ ಮೂರು ಎಣಿಸುವಷ್ಟು ಹೊತ್ತು ಇಟ್ಟೆ.
ಬಿಸಿಯೇ. ಆದರೆ ಮಾತಾಡಿ ಒಪ್ಪಿಸಬಹುದಾದ ಬಿಸಿ.

ಸಂಜೆ ಎತ್ತಹೋದರೆ ಒಂದೂ ಬರಲೊಲ್ಲದು!
ಒಂದರ ಹೊಟ್ಟೆ ಇನ್ನೊಂದರ ಬೆನ್ನಿಗೆ ಕಚ್ಚಿಕೊಂಡಿದೆ.
"ಅಡಿಯಲ್ಲಿ ಡಾಂಬರಿನ ಪಟ್ಟಿ ಇರ್ತದಲ್ಲಮ್ಮ," ಅಂದರು ಸಾಬರು,
"ಹತ್ತು ದಿನ ಕಾಯಬೇಕು, ಕರಗಬೇಕು, ಕೂರಬೇಕು.
ಆಮೇಲೆ ಗಾಳಿಗೆ ಉಗುರು ತೂರಿಸೋಕೂ ಸಂದಿ ಸಿಗಲ್ಲ."

ಅರೆ, ಈ ಬಿಸಿಲನ್ನು ನಾನು ಎಷ್ಟು ಬೈದಿದ್ದೇನೆ.
ಇದಕ್ಕೂ ಗಾಳಿಗೂ ಹಳೇ ಹಗೆ ಇದೆಯೆಂದು
ಯಾರಾದರೂ ಹೇಳಬಾರದಿತ್ತೆ?

ಕ್ಯಾಲೆಂಡರಿನಲ್ಲಿ ಭರಣಿಯ ಮೇಲೆ ಬೆರಳಿಟ್ಟು
ಹಿಂದಕ್ಕೆ ಎಣಿಸಿದೆ. ಯುಗಾದಿಯೊಳಗೆ ಮುಗಿಯಬೇಕು.
ಪ್ಲೈವುಡ್ ಹಾಸಿ, ಅದಕ್ಕೊಂದು ಕರೀ ಹೊದಿಕೆ ಸುತ್ತಿ
ಆಚಾರಿ ನಾಲ್ಕು ಮೊಳೆ ಸಾಕೆಂದ. ನಾನು ಆರೆಂದೆ.
"ಕೋಟಿನ ದುಡ್ಡು ನೀನು ಕಟ್ಟಿದ್ಯಾ?"
ಏಣಿಯ ಕೆಳಗೆ ನಿಂತು ಒಂದೊಂದೂ ನೋಡಿದೆ:
ಸೊಟ್ಟ ಬೇಡ, ತಲೆ ಎದ್ದಿರುವುದು ಬೇಡ, ಹೂತುಹೋಗುವುದೂ ಬೇಡ,
ಗುಂಡಿ ಹೊಲಿದ ಹಾಗೆ. ಅತಿ ಬಿಗಿದರೆ ಬಟ್ಟೆ ಹರಿಯುತ್ತದೆ.
ಅವನು ಸಿಟ್ಟಾದ. ಟೀ ಕೊಟ್ಟೆ. ಮತ್ತೆ ಹತ್ತಿದ.

ಮನೆಯವರು ಇವತ್ತಿಗೂ
"ಕಪ್ಪಾಗಿದ್ದಿದ್ದರೆ" ಎಂದು ಶುರು ಮಾಡುತ್ತಾರೆ.

ಈ ಸಲದ ಭರಣಿ ಮೂರನೇ ದಿನ ಬಂತು.
ಯಾವುದೋ ಸೀರೆಯ ಅಂಚು ತೀಡುತ್ತಿದ್ದೆ;
ತಲೆಯ ಮೇಲೆ ಯಾರೋ ಅಕ್ಕಿ ಜರಡಿ ಹಿಡಿದಷ್ಟು ಸದ್ದು.
ಗಾಳಿ ಎಂದು ತಿಳಿದದ್ದು
ಎದುರು ಮನೆಯ ತಗಡು ಒದರಿದ ಮೇಲೆ.
ಗೂಟದಲ್ಲಿ ವಕೀಲರ ಹೊಸ ಕೋಟು
ತೋಳು ಇಳಿಬಿಟ್ಟುಕೊಂಡು ನೇತಾಡುತ್ತಿತ್ತು.

ಪೆಟ್ಟಿಗೆ ಎತ್ತಿ ನಿಲ್ಲಿಸಿ, ಕಿಟಕಿ ತೆಗೆದು ಕೂಗಿದೆ:
"ಗೌರಕ್ಕಾ, ಬಟ್ಟೆಬರೆ ಏನಿದ್ದರೂ ಇತ್ತ ತಾ."